ಮಧುಗಿರಿ ಉಪವಿಭಾಗದಲ್ಲಿ ಫ್ಲೋರೋಸಿಸ್

ಫ್ಲೋರೋಸಿಸ್ ಎಂಬುದು ಕುಡಿಯುವ ನೀರು ಮತ್ತು ಆಹಾರದ ಮೂಲಕ ಮಿತಿಮೀರಿದ ಫ್ಲೋರೈಡ್ ಬಹುಕಾಲ ದೇಹವನ್ನು ಸೇರುವುದರಿಂದ ಉಂಟಾಗುವ ದೀರ್ಘಕಾಲಿಕ ವ್ಯಾಧಿ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ, ಅದರಲ್ಲೂ ಪಾವಗಡದಲ್ಲಿ, ಅಂತರ್ಜಲದ ಫ್ಲೋರೈಡ್ ಹಳೆಯ ಸಮಸ್ಯೆ. ಕಲೆಗಟ್ಟಿದ ಹಲ್ಲು ಮತ್ತು ಬಾಗಿದ ಬೆನ್ನು ಈ ವ್ಯಾಧಿಯ ಪರಿಚಿತ ಗುರುತುಗಳು. ಆದರೆ ಹೊರಗೆ ಯಾವ ಗುರುತೂ ಇಲ್ಲದೆ ವರ್ಷಗಟ್ಟಲೆ ಕೀಲು, ಕತ್ತು ಮತ್ತು ಸೊಂಟದ ನೋವಿನೊಂದಿಗೆ ಬದುಕುವ ಬಾಧಿತರೂ ಇದ್ದಾರೆ. ಈ ಲೇಖನ ಮುಖ್ಯವಾಗಿ ಆ ಕಾಣದ ನೋವನ್ನು ಕುರಿತದ್ದು.

ನೆಲ ಮತ್ತು ನೀರು

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಂಡವರಿಗೆ ಈ ಸೀಮೆಯ ಶಿಲೆಯ ಪರಿಚಯವನ್ನು ಬೇರೆ ಮಾಡಿಕೊಡಬೇಕಿಲ್ಲ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಬಿಡುಗಡೆಯಾಗುತ್ತದೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ಕ್ಷಾರಗುಣ ಹೆಚ್ಚಿದಷ್ಟೂ ಫ್ಲೋರೈಡಿನ ಪ್ರಮಾಣ ಏರುತ್ತದೆ. ಕೆರೆ ಮತ್ತು ತೆರೆದ ಬಾವಿಗಳನ್ನು ನಂಬಿದ್ದ ಊರುಗಳು ಅವು ಬತ್ತಿದ ಮೇಲೆ ಆಳವಾದ ಕೊಳವೆಬಾವಿಗಳಿಗೆ ತಿರುಗಿದವು. ಬರ ಬಂದಾಗಲೆಲ್ಲ ಬಾವಿಯ ಆಳವನ್ನು ಹೆಚ್ಚಿಸುವುದೇ ಪರಿಹಾರವಾಯಿತು. ಹಾಗೆ ಮೇಲೆ ಬಂದದ್ದು ಬಂಡೆಯೊಡನೆ ಬಹುಕಾಲ ಕಳೆದ ನೀರು.

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನಲ್ಲಿ ಲೀಟರಿಗೆ 1.0 ಮಿಲಿಗ್ರಾಂ ಫ್ಲೋರೈಡನ್ನು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಗರಿಷ್ಠ ಮಿತಿಯೆಂದೂ ಗೊತ್ತುಪಡಿಸಿದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವವರ ನಾಲಗೆಗೆ ಅದರ ಸುಳಿವು ಸಿಗುವುದಿಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗುವುದರಿಂದ ಸಾಂದ್ರತೆ ತುಸು ಹೆಚ್ಚೇ ಆಗುತ್ತದೆ.

ಭಾರತದಲ್ಲಿ ಈ ವ್ಯಾಧಿ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಪಾವಗಡವನ್ನು ಮೂರು ಕಡೆಯಿಂದ ಸುತ್ತುವರಿದಿರುವ ಆಂಧ್ರಪ್ರದೇಶದ ಅನಂತಪುರ ಸೀಮೆಯೂ, ಕರ್ನಾಟಕದ ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಮೊದಲಾದ ಜಿಲ್ಲೆಗಳೂ ಇದರ ಬಾಧೆಗೆ ಒಳಗಾಗಿವೆ.

ಕಾಣದ ನೋವು

ದೇಹದಲ್ಲಿ ಉಳಿಯುವ ಫ್ಲೋರೈಡಿನ ಸುಮಾರು ಶೇ. 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲಿ ಸೇರಿರುತ್ತದೆ. ವಯಸ್ಕರಲ್ಲಿ, ರಕ್ತಕ್ಕೆ ಸೇರಿದ ಫ್ಲೋರೈಡಿನ ಸರಿಸುಮಾರು ಅರ್ಧ ಮೂತ್ರದಲ್ಲಿ ಹೊರಹೋಗಿ ಉಳಿದದ್ದು ಮೂಳೆಗೆ ಸೇರುತ್ತದೆ. ಬೆಳೆಯುವ ಮಕ್ಕಳಲ್ಲಿ ಹೀಗೆ ಉಳಿಯುವ ಪಾಲು ಇನ್ನೂ ಹೆಚ್ಚು.

ಹಲ್ಲಿನ ಮೇಲೆ ಕಂದುಗೆರೆ ಮೂಡುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅಂಥ ನೀರು ಕುಡಿದವರಿಗೆ ಮಾತ್ರ. ಒಳ್ಳೆಯ ನೀರಿನ ಊರಿನಲ್ಲಿ ಹುಟ್ಟಿ ಬೆಳೆದು ಮದುವೆಯಾಗಿ ಈ ಸೀಮೆಗೆ ಬಂದ ಸೊಸೆಯ ಹಲ್ಲು ಬೆಳ್ಳಗೇ ಇರುತ್ತದೆ. ಇಪ್ಪತ್ತು ವರ್ಷ ಇಲ್ಲಿನ ನೀರು ಕುಡಿದ ಆಕೆಗೆ ಸೊಂಟ ಹಿಡಿದುಕೊಂಡರೆ, ಹಲ್ಲನ್ನೇ ರೋಗದ ಗುರುತೆಂದು ನಂಬಿದವರು ಅದನ್ನು ಫ್ಲೋರೈಡಿಗೆ ಜೋಡಿಸುವುದೇ ಇಲ್ಲ.

ಆರಂಭದಲ್ಲಿ ಕೀಲುನೋವು, ಬೆಳಗಿನ ಬಿಗಿತ, ಕೈಕಾಲು ಜುಮುಗುಡುವಿಕೆ, ಸ್ನಾಯುಗಳ ನಿಶ್ಶಕ್ತಿ, ಹೊಟ್ಟೆನೋವು ಹಾಗೂ ಮಲಬದ್ಧತೆ ಕಾಣಿಸಬಹುದು. ಈ ಹಂತದಲ್ಲಿ ಕ್ಷಕಿರಣ ಚಿತ್ರ ಸಹಜವಾಗಿಯೇ ಇರಬಹುದು. ಲಕ್ಷಣಗಳು ಸಂಧಿವಾತವನ್ನು ಹೋಲುವುದರಿಂದ ಮನೆಯವರು ‘ವಾಯು’ ಎನ್ನುತ್ತಾರೆ, ನೆರೆಯವರು ವಯಸ್ಸಾಯಿತು ಎನ್ನುತ್ತಾರೆ. ಕಡಲೆಕಾಯಿ ಕೀಳುವಾಗಲೋ ನರೇಗಾ ಕೆಲಸದಲ್ಲಿ ಮಣ್ಣು ಹೊರುವಾಗಲೋ ಹಿಂದೆ ಬಿದ್ದವರಿಗೆ ಸೋಮಾರಿ ಎಂಬ ಹೆಸರು ಸುಲಭವಾಗಿ ಅಂಟುತ್ತದೆ. ನೋವು ಸಹಿಸಿ ದುಡಿಯಲು ನೋವಿನ ಮಾತ್ರೆಯನ್ನು ನಿತ್ಯ ನುಂಗುವುದು ಇನ್ನೊಂದು ಅಪಾಯ: ಅಂಥ ಮಾತ್ರೆಗಳ ದೀರ್ಘ ಬಳಕೆ ಮೂತ್ರಪಿಂಡವನ್ನು ಕೆಡಿಸಬಲ್ಲದು, ಮೂತ್ರಪಿಂಡ ಸೋತರೆ ಫ್ಲೋರೈಡ್ ಹೊರಹೋಗುವ ದಾರಿಯೂ ಕಿರಿದಾಗುತ್ತದೆ.

ಪತ್ತೆ

ಕೇಂದ್ರ ಸರ್ಕಾರದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವು 2008–09ರಲ್ಲಿ ಆರಂಭವಾಯಿತು. ಮೊದಲ ತಪಾಸಣೆಗೆ ಉಪಕರಣ ಬೇಕಿಲ್ಲ. ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈಗಳನ್ನು ಪಕ್ಕಕ್ಕೆ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು: ಇವು ನೋವಿಲ್ಲದೆ ಸಾಧ್ಯವಾಗದಿದ್ದರೆ ಮುಂದಿನ ಪರೀಕ್ಷೆ ಅಗತ್ಯ. ಕುಡಿಯುವ ನೀರು ಮತ್ತು ಮೂತ್ರದ ಫ್ಲೋರೈಡ್ ಪ್ರಮಾಣ ಹಾಗೂ ಮುಂದೋಳಿನ ಕ್ಷಕಿರಣ ಚಿತ್ರದಿಂದ ರೋಗವನ್ನು ಖಚಿತಪಡಿಸಲಾಗುತ್ತದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳ ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ನೀಡಲಾಗುತ್ತದೆ. ಮನೆಗಳಲ್ಲಿ ಬಳಸುವ ಟಿ.ಡಿ.ಎಸ್. ಮಾಪಕ ಒಟ್ಟು ಲವಣವನ್ನಷ್ಟೇ ತೋರಿಸುತ್ತದೆ, ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ.

ನೀರು, ಅಡುಗೆ, ಉಪಶಮನ

ಮೂಳೆ ಒಮ್ಮೆ ವಿರೂಪಗೊಂಡರೆ ಅದನ್ನು ಹಿಂದಿನ ಸ್ಥಿತಿಗೆ ತರುವ ಔಷಧವಿಲ್ಲ. ಆದರೆ ಆರಂಭದ ಹಂತದಲ್ಲಿ ನೀರನ್ನು ಬದಲಿಸಿ ಪೌಷ್ಟಿಕ ಆಹಾರ ತೆಗೆದುಕೊಂಡರೆ ನೋವು ತಗ್ಗಬಲ್ಲದು ಎಂಬುದನ್ನು ದೆಹಲಿಯ ಫ್ಲೋರೋಸಿಸ್ ಸಂಶೋಧಕಿ ಎ. ಕೆ. ಸುಶೀಲಾ ಒತ್ತಿಹೇಳಿದ್ದಾರೆ. ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆ ಹಿತಕರ. ಕಪ್ಪು ಉಪ್ಪು, ಹಾಲಿಲ್ಲದ ಚಹಾ, ಅಡಿಕೆ ಮತ್ತು ತಂಬಾಕು ವರ್ಜ್ಯ.

ಶುದ್ಧ ಕುಡಿಯುವ ನೀರಿನ ಘಟಕಗಳಿಂದ 20 ಲೀಟರಿನ ಕ್ಯಾನು ತುಂಬಿಸಿ ತರುವುದು ಇಂದು ಹಳ್ಳಿಗಳಲ್ಲಿ ಸಾಮಾನ್ಯ. ಘಟಕದ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅದು ಹೆಸರಿಗಷ್ಟೇ ಶುದ್ಧ. ಕ್ಯಾನಿನ ನೀರನ್ನು ಕುಡಿಯಲು ಮೀಸಲಿಟ್ಟು ಅಡುಗೆಗೆ ಬೋರಿನ ನೀರನ್ನೇ ಬಳಸುವ ಮನೆಗಳೂ ಉಂಟು. ಮುದ್ದೆಗಿಡುವ ಎಸರು, ಸಾರು, ಬೇಯಿಸಿದ ಕಾಳು ಎಲ್ಲವೂ ನೀರನ್ನು ಹೀರುವುದರಿಂದ ಇದರಿಂದ ದೊರೆಯುವ ರಕ್ಷಣೆ ಅರೆಬರೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ಎಂಬ ಸಮಾಧಾನ ಆ ಎಸರನ್ನು ಸರಿಪಡಿಸಲಾರದು.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 20 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ಆಗುತ್ತದೆ. ಐದನೆಯ ಒಂದು ಪಾಲು ನಷ್ಟವಾದರೂ ಉಳಿಯುವ 8,000 ಲೀಟರ್, ದಿನಕ್ಕೆ 20 ಲೀಟರಿನಂತೆ ಕುಡಿಯಲು ಮತ್ತು ಅಡುಗೆಗೆ 400 ದಿನ ಸಾಕು; ಶೇಖರಣೆಗೆ ತೊಟ್ಟಿ ಬೇಕು, ಖರ್ಚಿರುವುದು ಅಲ್ಲಿಯೇ. ದೊಡ್ಡ ಪ್ರಮಾಣದಲ್ಲಿ ಶಿರಾಕ್ಕೆ ಹೇಮಾವತಿ ನೀರು ಬಂದಿದೆ. ಪಾವಗಡಕ್ಕಾಗಿ ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಯೋಜನೆ ರೂಪುಗೊಂಡಿದೆ.

ಅರಿವು ಮತ್ತು ಮಾನ್ಯತೆ

ಜಾಗೃತಿಯ ಭಿತ್ತಿಪತ್ರಗಳಲ್ಲಿ ಸಾಮಾನ್ಯವಾಗಿ ಕಾಲು ಸೊಟ್ಟಗಾದ ಮಗು ಅಥವಾ ನಡು ಬಾಗಿದ ವೃದ್ಧರ ಚಿತ್ರವಿರುತ್ತದೆ. ಇದರಿಂದ ನೆಟ್ಟಗೆ ನಡೆಯುವವರಿಗೆ ಈ ರೋಗವಿಲ್ಲ ಎಂಬ ತಪ್ಪು ಕಲ್ಪನೆ ಬಲಿಯುವ ಸಾಧ್ಯತೆಯಿದೆ. ಮೂರು ಚಲನೆಗಳ ತಪಾಸಣೆಯ ಚಿತ್ರ ಹೆಚ್ಚು ಉಪಯುಕ್ತವಾದೀತು, ಏಕೆಂದರೆ ಶಾಲಾಮಕ್ಕಳು ಮನೆಗೆ ಹೋಗಿ ತಾಯಂದಿರಿಂದ ಅದನ್ನು ಮಾಡಿಸಬಲ್ಲರು.

ಮೂರು ತಿಂಗಳಿಗೂ ಮೀರಿದ ನೋವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿ ದೀರ್ಘಕಾಲಿಕ ನೋವು ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. ಇದು 2022ರಿಂದ ಜಾರಿಯಲ್ಲಿದೆ. ಭಾರತದ ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಹೆಸರಿಸುವ 21 ವೈಕಲ್ಯಗಳಲ್ಲಿ ಫ್ಲೋರೋಸಿಸ್ ಪ್ರತ್ಯೇಕವಾಗಿ ಇಲ್ಲ. ಅದರಿಂದ ಉಂಟಾದ ಚಲನವೈಕಲ್ಯವನ್ನು ಅಳೆಯಬಹುದು. ಮೀಸಲಾತಿಯಂಥ ಸೌಲಭ್ಯಗಳಿಗೆ ಅದು ಕನಿಷ್ಠ ಶೇ. 40 ಇರಬೇಕು.