ಫೈಬರ್ ಕೆವಿಎಂ (ಕೀಬೋರ್ಡ್, ವಿಡಿಯೊ, ಮೌಸ್) ವಿಸ್ತರಕ
ಕೀಲಿಮಣೆ, ಮೌಸ್ ಮತ್ತು ಪರದೆಯ ಸಂಕೇತಗಳನ್ನು ಬೆಳಕಾಗಿ ಮಾರ್ಪಡಿಸಿ, ಆಪ್ಟಿಕಲ್ ಫೈಬರ್ ಎಂಬ ತೆಳು ಗಾಜಿನ ಎಳೆಯ ಮೂಲಕ ದೂರದ ಕಂಪ್ಯೂಟರನ್ನು ನಡೆಸುವ ಜೋಡಿ ಸಾಧನ. ಯುಎಸ್‌ಬಿ 2.0 ತಂತಿಯ ಮಿತಿ 5 ಮೀಟರ್ ಆದರೆ, ಏಕವಿಧ (ಸಿಂಗಲ್-ಮೋಡ್) ಫೈಬರ್ ಹಲವು ಕಿಲೋಮೀಟರ್ ತಲುಪುತ್ತದೆ. ಹುನಗುಂದ ಸೀಮೆಯಲ್ಲಿ 24,000 ಹೆಕ್ಟೇರಿಗೆ ನೀರುಣಿಸಲು ರೂಪಿಸಿದ ರಾಮಥಾಳ ಹನಿ ನೀರಾವರಿಯಂಥ ಸ್ವಯಂಚಾಲಿತ ಯೋಜನೆಗಳಿಗೆ ಇಂಥ ದೂರನಿಯಂತ್ರಣ ಹೊಂದುವಂಥದು.

ಜೋಡಿಸುವಾಗ ಒಂದು ತುದಿಯ ಪ್ರೇಷಕ ಮತ್ತೊಂದರ ಗ್ರಾಹಕಕ್ಕೆ ಸೇರಬೇಕು. ಪರೀಕ್ಷೆಯಲ್ಲಿ ಶುಚಿತ್ವವೇ ಮೊದಲು: ಎರೆಮಣ್ಣಿನ ಧೂಳಿನ ಒಂದು ಕಣವೂ ಬೆಳಕನ್ನು ತಡೆಯಬಲ್ಲುದರಿಂದ ಕನೆಕ್ಟರನ್ನು ಒರೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಬಳಿಕ ಶಕ್ತಿಮಾಪಕದಿಂದ ನಷ್ಟವನ್ನು ಅಳೆಯುತ್ತಾರೆ; 1310 ನ್ಯಾನೋಮೀಟರ್ ತರಂಗಾಂತರದಲ್ಲಿ ಕಿಲೋಮೀಟರಿಗೆ ಸುಮಾರು 0.35 ಡೆಸಿಬೆಲ್ ನಷ್ಟ ಸಹಜ. ಲೇಸರ್ ಕಣ್ಣಿಗೆ ಕಾಣದಿದ್ದರೂ ಅಪಾಯಕಾರಿಯಾದ್ದರಿಂದ ಬೆಳಕು ಹರಿಯುತ್ತಿರುವ ಫೈಬರಿನ ತುದಿಯೊಳಗೆ ಎಂದೂ ಇಣುಕಬಾರದು.