ಹೆಸರಿಲ್ಲದ ಮಾರುತ: ಕಾಕಿನಾಡದಿಂದ ಉಮರ್ಗಾದವರೆಗೆ

ಚಂಡಮಾರುತ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಬರುವ ಹೆಸರು ತೌಕ್ತೆ. 2021ರ ಮೇ ತಿಂಗಳಲ್ಲಿ ಅದು ನಮ್ಮ ಕರಾವಳಿಯ ಪಕ್ಕದಲ್ಲೇ ಗುಜರಾತಿನ ಕಡೆ ಹೋದಾಗ ಉಳ್ಳಾಲ, ಸೋಮೇಶ್ವರದಲ್ಲಿ ಅಲೆ ಮನೆಗಳಿಗೆ ನುಗ್ಗಿತ್ತು. ಮುಲ್ಕಿ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್‌ನಿಂದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಪಾರು ಮಾಡಿದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದಾರೆ. ಅದಕ್ಕಿಂತ ಏಳು ತಿಂಗಳು ಮೊದಲು, ಕಡಲೇ ಇಲ್ಲದ ಒಂದು ಸೀಮೆಯನ್ನು ಇನ್ನೊಂದು ಮಾರುತ ಮುಳುಗಿಸಿ ಹೋಗಿತ್ತು. ಅದರ ಬಗ್ಗೆ ಕೇಳಿದರೆ ನಮ್ಮಲ್ಲಿ ಯಾರಿಗೂ ನೆನಪಿಲ್ಲ. ನೆನಪಿಡುವುದಾದರೂ ಹೇಗೆ? ಅದಕ್ಕೆ ಹೆಸರೇ ಇರಲಿಲ್ಲ.

ಉಮರ್ಗಾ, ನಿಲಂಗಾ, ಉದ್ಗೀರ್. ಬೀದರ್, ಕಲಬುರಗಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಮರಾಠವಾಡಾ ತಾಲೂಕುಗಳು. ಡಿಪ್ಲೊಮಾ ಮುಗಿಸಿದ ಮೇಲೆ ಪಂಪ್ ರಿಪೇರಿ ಕೆಲಸಕ್ಕಾಗಿ ಸೋಲಾಪುರ–ಹೈದರಾಬಾದ್ ಹೈವೇಯಲ್ಲಿ ಎರಡು ವರ್ಷ ಓಡಾಡಿದವನು ನಾನು. ಉಮರ್ಗಾ ಪೇಟೆಯ ಒಂದೇ ಅಂಗಡಿಯಲ್ಲಿ ಮರಾಠಿ, ಕನ್ನಡ, ದಖನಿ ಮೂರೂ ಕೇಳಿಸುತ್ತವೆ. ಬಂದರಿನಲ್ಲಿ ಬ್ಯಾರಿ, ತುಳು, ಕೊಂಕಣಿ ಕೇಳಿ ಬೆಳೆದವರಿಗೆ ಅದು ಹೊಸತಲ್ಲ. ಮೂರೂ ತಾಲೂಕುಗಳು ನಿಜಾಮರ ಹೈದರಾಬಾದ್ ಸೀಮೆಯವು. ನಿಲಂಗಾ, ಉದ್ಗೀರ್ ಅಂತೂ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಉಪ್ಪನ ಅಂಗಡಿಗೆ ಬರುತ್ತಿದ್ದ ತೊಗರಿಬೇಳೆಯ ಎಷ್ಟೋ ಗೋಣಿಗಳ ಮೇಲೆ ಉದ್ಗೀರ್ ಎಂದು ಬರೆದಿರುತ್ತಿತ್ತು. ಅಲ್ಲಿ ಬೇಳೆ ಮಿಲ್ಲುಗಳು ಜಾಸ್ತಿ.

2020ರ ಅಕ್ಟೋಬರ್ 13ರ ಬೆಳಿಗ್ಗೆ ಬಂಗಾಳ ಕೊಲ್ಲಿಯಿಂದ ಬಂದ ಒಂದು ಮಾರುತ ಆಂಧ್ರದ ಕಾಕಿನಾಡದ ಹತ್ತಿರ ನೆಲಕ್ಕೆ ಬಂತು. ಗೋದಾವರಿ ಕಡಲು ಸೇರುವ ಆ ಸೀಮೆಯಲ್ಲಿ ಊರಿಗೆ ಊರು ಅಂಟಿಕೊಂಡಿದೆ, ಜನಸಂಖ್ಯೆ ವಿಪರೀತ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು 62 ಕಿ.ಮೀ. ದಾಟಿದರೆ ಮಾತ್ರ ಚಂಡಮಾರುತ, ಆಗ ಮಾತ್ರ ಹೆಸರು. ನಮ್ಮ ಕಡಲುಗಳಲ್ಲಿ ಹೀಗೆ ಹೆಸರಿಡುವ ಪದ್ಧತಿ ಶುರುವಾದದ್ದು 2004ರಲ್ಲಿ, ಮೊದಲನೆಯದು ಒನಿಲ್. ಕಾಕಿನಾಡದ ಮಾರುತ ಆ ಗೆರೆಯ ಹತ್ತಿರ ಬಂದು ನಿಂತಿತು. ಹಾಗಾಗಿ ಅದು ಬರೀ 'ತೀವ್ರ ವಾಯುಭಾರ ಕುಸಿತ'.

ಚಂಡಮಾರುತವನ್ನು ಒಂದು ಎಂಜಿನ್ ಅಂದುಕೊಳ್ಳಿ. ಬಿಸಿ ಕಡಲಿನಿಂದ ಏಳುವ ಆವಿಯೇ ಅದರ ಇಂಧನ. ನೆಲಕ್ಕೆ ಬಂದ ಕೂಡಲೇ ಇಂಧನ ಬಂದ್. ಆದರೆ ಎಂಜಿನ್ ಆಫ್ ಮಾಡಿದರೂ ಫ್ಲೈವೀಲ್ ಸ್ವಲ್ಪ ಹೊತ್ತು ತಿರುಗುತ್ತದಲ್ಲ, ಹಾಗೆಯೇ ಇದೂ. ಗಾಳಿ ಸೋಲುತ್ತದೆ, ಹೊತ್ತು ತಂದ ನೀರು ಎಲ್ಲಿಯಾದರೂ ಇಳಿಯಲೇಬೇಕು. ಮೊದಲು ತೆಲಂಗಾಣದಲ್ಲಿ ಇಳಿಯಿತು: ಹೈದರಾಬಾದ್ ಪಕ್ಕದ ಘಟಕೇಸರದ ಕಡೆ ಒಂದೇ ದಿನ 32 ಸೆಂ.ಮೀ. ಮರುದಿನ ನಮ್ಮ ಕಲಬುರಗಿ, ಬೀದರ್, ಆಚೆಯ ಲಾತೂರ್, ಉಸ್ಮಾನಾಬಾದ್, ಸೋಲಾಪುರ. ಪಂಢರಾಪುರದ ಘಾಟಿನಲ್ಲಿ ಗೋಡೆ ಕುಸಿದು 6 ಮಂದಿ ತೀರಿಕೊಂಡರು. ಕಲಬುರಗಿಯಲ್ಲಿ ಭೀಮಾ ಉಕ್ಕಿ ದಡದ ಊರುಗಳಿಗೆ ನುಗ್ಗಿತು. ಆಶ್ಚರ್ಯವೆಂದರೆ ಮಾರುತ ಅಲ್ಲಿಗೂ ನಿಲ್ಲಲಿಲ್ಲ. ಇಡೀ ದಖನ್ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿದು, 17ಕ್ಕೆ ಮತ್ತೆ ವಾಯುಭಾರ ಕುಸಿತವಾಗಿ ಎದ್ದಿತು.

ಕೊಲ್ಲಿಯ ಮಾರುತ ಆ ಸೀಮೆಯೊಳಗೆ ನುಗ್ಗಿದ್ದು ಅದೇ ಮೊದಲಲ್ಲ. 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತದ್ದೂ ಇಂಥದ್ದೇ ಮಳೆಗೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ನೆರೆಯಲ್ಲಿ ತಾಯಿ, ಹೆಂಡತಿ, ಮಗಳನ್ನು ಕಳೆದುಕೊಂಡರು. ಆಮೇಲೆ ನಿಜಾಮರ ಸರಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನೇ. ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಬಂದದ್ದು ಅವರ ಸಲಹೆಯಿಂದ. ರಾಜಧಾನಿ ಮುಳುಗಿದ್ದರಿಂದ ಕೆಲಸ ಆಯಿತು ಅಂತ ನನಗೆ ಅನಿಸುತ್ತದೆ. ಹಳ್ಳಿ ಮುಳುಗಿದರೆ ಯಾವ ಎಂಜಿನಿಯರನ್ನು ಯಾರು ಕರೆಸುತ್ತಾರೆ?

2020ರಲ್ಲಿ ಹಳ್ಳಿಗಳಿಗೆ ಆದದ್ದು ಇದು. ಅಕ್ಟೋಬರ್ ಅಂದರೆ ಅಲ್ಲಿ ಸೋಯಾಬೀನ್ ಕೊಯ್ಲು. ಕೊಯ್ದ ಬೆಳೆ ಹೊಲದಲ್ಲೇ ಬಣವೆಯಾಗಿ ಒಕ್ಕಣೆಗೆ ಕಾಯುತ್ತಿರುತ್ತದೆ. ನೀರು ಆ ಬಣವೆಯನ್ನೇ ಎತ್ತಿಕೊಂಡು ಹೋಯಿತು. ಉಳಿದದ್ದು ನೆನೆದು ಮೊಳಕೆ ಬಂತು. ತೇರಣಾ ನದಿಯ ದಡದಲ್ಲಿ ನೀರಿನ ಜೊತೆ ಕಪ್ಪು ಮಣ್ಣೂ ಹೋಯಿತು. ಬೆಳೆ ಮುಂದಿನ ವರ್ಷ ಬರಬಹುದು, ಹೋದ ಮಣ್ಣು ನಮ್ಮ ಆಯುಸ್ಸಿನಲ್ಲಿ ಬರುವುದಿಲ್ಲ. ಇದೇ ತೇರಣಾದ ಸುತ್ತಲಿನ ಕಿಲ್ಲಾರಿ, ಸಾಸ್ತೂರ್ ಕಡೆಯವರು 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಸಾವಿರಗಟ್ಟಲೆ ಜನರನ್ನು ಕಳೆದುಕೊಂಡವರು. ಕಲ್ಲು-ಮಣ್ಣಿನ ಗೋಡೆ ನೆನೆದರೆ ಅಲ್ಲಿ ಯಾರಿಗೂ ರಾತ್ರಿ ನಿದ್ದೆ ಬರುವುದಿಲ್ಲ.

ಹತ್ತು ದಿನಗಳ ನಂತರ ಮಹಾರಾಷ್ಟ್ರ ಸರಕಾರ 10,000 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕೇಳಲು ದೊಡ್ಡ ಸಂಖ್ಯೆ. ಅಂಗಡಿಯವನ ಮಗನ ಲೆಕ್ಕ ನೋಡಿ: ಬೆಳೆಗೆ ಹೆಕ್ಟೇರಿಗೆ 10,000 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಅಂದರೆ ಎಕರೆಗೆ ಸುಮಾರು 4,000. ಬೀಜ, ಗೊಬ್ಬರ, ಕೊಯ್ಲಿನ ಕೂಲಿ ಎಲ್ಲ ಕೊಟ್ಟಾದ ಮೇಲೆ ಹೋದ ಬೆಳೆ ಅದು.

ಕಡಲಿನ ದಡದಲ್ಲಿ ನಮಗೆ ಏನೋ ಒಂದು ಏರ್ಪಾಡಿದೆ. ಬಂದರಿನಲ್ಲಿ ಬಾವುಟ ಏರುತ್ತದೆ, ದೋಣಿ ಇಳಿಸಬೇಡಿ ಅನ್ನುತ್ತಾರೆ, ಮೀನುಗಾರರು ವಾಪಸ್ ಬರುತ್ತಾರೆ. ಕಾಕಿನಾಡದಲ್ಲೂ ಹಾಗೆಯೇ. ನಿಲಂಗಾದ ರೈತನಿಗೆ ಏರುವ ಬಾವುಟ ಯಾವುದು? ಭಾರಿ ಮಳೆಯ ಮುನ್ಸೂಚನೆ ಬರುತ್ತದೆ, ಆದರೆ ಕೊಯ್ದು ಹಾಕಿದ ನಾಲ್ಕು ಎಕರೆ ಬೆಳೆಯನ್ನು ಒಂದು ರಾತ್ರಿಯಲ್ಲಿ ಎಲ್ಲಿಗೆ ಸಾಗಿಸುವುದು? ದೋಣಿಯನ್ನಾದರೆ ಮೇಲೆ ಎಳೆದು ಕಟ್ಟಬಹುದು.

ಇನ್ನೊಂದು ವಿಷಯ ಮ್ಯಾಪ್ ತೆಗೆದು ನೋಡಿದರೆ ಗೊತ್ತಾಗುತ್ತದೆ. ತೇರಣಾ ಹೋಗಿ ಮಾಂಜ್ರಾ ಸೇರುತ್ತದೆ. ಮಾಂಜ್ರಾ ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿಯಲ್ಲಿ ಗೋದಾವರಿಗೆ ಸೇರುತ್ತದೆ. ಗೋದಾವರಿ ಕಡಲಿಗೆ ಬೀಳುವುದು ಕಾಕಿನಾಡದ ಕೆಳಗಿನ ಅದೇ ದಡದಲ್ಲಿ. ನಿಲಂಗಾದ ಹೊಲದಿಂದ ಹೋದ ನೀರು, ಮಣ್ಣು, ಸೋಯಾಬೀನಿನ ದಾರಿ ಅದೇ.