ಗಲ್ಲಾ ಮೇಲಿನ ಜೇಡ್ ಗಿಡ ಬಾಡ್ತಿದೆಯಾ? ಇನ್ನೊಂದು ಲೋಟ ನೀರು ಹಾಕೋ ಮುಂಚೆ ಇದನ್ನ ಓದಿ

ಪೇಟೆಯಲ್ಲಿ ಈಗ ಯಾವ ಹೊಸ ಅಂಗಡಿಗೆ ಹೋದರೂ ಗಲ್ಲಾ ಪಕ್ಕ ಒಂದು ಪುಟ್ಟ ಜೇಡ್ ಗಿಡ ಕಾಣುತ್ತೆ. ಓಪನಿಂಗ್ ದಿನ ಯಾರೋ ಗಿಫ್ಟ್ ಕೊಟ್ಟಿರ್ತಾರೆ, ಇಲ್ಲಾಂದ್ರೆ ಲಕ್ಷ್ಮಿ ಬರ್ತಾಳೆ ಅಂತ ನರ್ಸರಿಯಿಂದ ತಂದಿರ್ತಾರೆ. ಎರಡು ಮೂರು ತಿಂಗಳಲ್ಲಿ ಎಲೆ ಹಳದಿಯಾಗಿ ಉದುರೋಕೆ ಶುರು. ಗಿಡದ ಜೊತೆ ಮಾಲೀಕರ ಮುಖವೂ ಬಾಡುತ್ತೆ.

ನಮ್ಮ ಅಕ್ಕನ ಟೈಲರಿಂಗ್ ಅಂಗಡಿಯಲ್ಲೂ ಇದೇ ಆಯ್ತು. ಸಾಲ ಮಾಡಿ ಅಂಗಡಿ ಹಾಕಿದ್ದಳು. ಮೂರನೇ ತಿಂಗಳು ಹೊಲಿಗೆ ಕೆಲಸ ಕಡಿಮೆಯಾಯ್ತು, ಅದೇ ಹೊತ್ತಿಗೆ ಗಿಡವೂ ಎಲೆ ಉದುರಿಸ್ತು. ಬಂದವರೆಲ್ಲ ದೃಷ್ಟಿ ಆಗಿದೆ, ಜಾಗ ಸರಿಯಿಲ್ಲ ಅಂದರು. ಅವಳು ಹೆದರಿ ದಿನಕ್ಕೆ ಎರಡು ಸಲ ನೀರು ಹಾಕಿದಳು. ಕೊನೆಗೆ ಕುಂಡ ಬೋರಲು ಮಾಡಿ ನೋಡಿದರೆ ತಳದಲ್ಲಿ ತೂತೇ ಇಲ್ಲ! ಬೇರು ಕೊಳೆತು ವಾಸನೆ ಬರ್ತಿತ್ತು. ದೃಷ್ಟಿಯೂ ಇಲ್ಲ ಮಣ್ಣೂ ಇಲ್ಲ, ಗಿಡಕ್ಕೆ ನೀರು ಜಾಸ್ತಿಯಾಗಿತ್ತು ಅಷ್ಟೇ.

ಅದಕ್ಕೇ ಅಂಗಡಿಯವರಿಗೂ ಮನೆಯವರಿಗೂ ಉಪಯೋಗ ಆಗಲಿ ಅಂತ ಈ ಮಾಹಿತಿ.

ಯಾಕೆ ಕಡಿಮೆ ನೀರು ಸಾಕು?

ಜೇಡ್ ಗಿಡದ ಮೂಲ ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್. ಕಲ್ಲುಗುಡ್ಡದ ಒಣ ಜಾಗದಲ್ಲಿ ಬೆಳೆಯೋ ಗಿಡ ಇದು. ದಪ್ಪ ಎಲೆ, ದಪ್ಪ ಕಾಂಡ ಎರಡೂ ಇದರ ನೀರಿನ ಟ್ಯಾಂಕ್. ಬೇರೆ ಗಿಡಗಳು ಹಗಲು ಎಲೆಯ ಸಣ್ಣ ರಂಧ್ರ ತೆರೆದು ಗಾಳಿ ತಗೊಳ್ತವೆ, ಆಗ ನೀರೂ ಆವಿಯಾಗಿ ಹೋಗುತ್ತೆ. ಜೇಡ್ ಹಾಗಲ್ಲ. ಹೆಚ್ಚಾಗಿ ರಾತ್ರಿ ತಂಪಲ್ಲಿ ರಂಧ್ರ ತೆರೆದು, ಹಗಲು ಮುಚ್ಚಿಕೊಂಡಿರುತ್ತೆ. ಹಾಗಾಗಿ ನೀರಿನ ಖರ್ಚೇ ಕಡಿಮೆ.

ದಿನಾ ನೀರು ಹಾಕಿದರೆ ಮಣ್ಣು ಒಣಗಲ್ಲ. ಬೇರಿಗೂ ಗಾಳಿ ಬೇಕು. ಸದಾ ಒದ್ದೆ ಇದ್ದರೆ ಬೇರು ಉಸಿರುಗಟ್ಟಿ ಸಾಯುತ್ತೆ, ಆಮೇಲೆ ಶಿಲೀಂಧ್ರ ಸೇರಿ ಕೊಳೆಯುತ್ತೆ.

ಇನ್ನೊಂದು ವಿಷಯ. ನಮ್ಮ ನರ್ಸರಿಗಳಲ್ಲಿ ಜೇಡ್ ಅಂತ ಕೊಡೋದು ಎರಡು ಬೇರೆ ಗಿಡ. ಎಲೆ ದೊಡ್ಡದಾಗಿ ದಪ್ಪ ಇದ್ದರೆ ಅದು ಕ್ರಾಸುಲಾ ಒವಾಟಾ, ನಿಜವಾದ ಜೇಡ್. ಎಲೆ ಬೆರಳಿನ ಉಗುರಿನಷ್ಟು ಚಿಕ್ಕದು, ಎಳೆ ಕಾಂಡ ಕೆಂಪು ಇದ್ದರೆ ಅದು ಪೋರ್ಚುಲಕೇರಿಯಾ ಆಫ್ರಾ. ಎರಡಕ್ಕೂ ಆರೈಕೆ ಹೆಚ್ಚು ಕಡಿಮೆ ಒಂದೇ.

ಮೊದಲು ಕಾಯಿಲೆ ಏನು ಅಂತ ನೋಡಿ

ಬಾಡಿದೆ ಅಂದ ಕೂಡಲೇ ಚೊಂಬು ಎತ್ಕೋಬೇಡಿ. ಎಲೆ ಮುಟ್ಟಿ, ಕಾಂಡ ಒತ್ತಿ, ಮಣ್ಣಿಗೆ ಬೆರಳು ಹಾಕಿ ನೋಡಿ.

- ಎಲೆ ತೆಳುವಾಗಿ ಸುಕ್ಕು, ಕಾಂಡ ಗಟ್ಟಿ, ಮಣ್ಣು ಪೂರ್ತಿ ಒಣಗಿದೆ, ಕುಂಡ ಹಗುರ: ಇದು ಬಾಯಾರಿಕೆ. ತಳದಿಂದ ನೀರು ಸೋರೋವರೆಗೆ ಒಂದು ಸಲ ಹಾಕಿ. ಕೆಲವೇ ದಿನದಲ್ಲಿ ಎಲೆ ತುಂಬ್ಕೊಳ್ಳುತ್ತೆ.
- ಎಲೆ ಹಳದಿ, ಮೆತ್ತಗೆ, ಮುಟ್ಟಿದರೆ ಉದುರುತ್ತೆ, ಕಾಂಡದ ಬುಡ ಕಪ್ಪು: ನೀರು ಜಾಸ್ತಿಯಾಗಿ ಕೊಳೆಯುತ್ತಿದೆ. ಕೆಳಗೆ ಹೇಳಿರೋ ಚಿಕಿತ್ಸೆ ಮಾಡಿ.
- ಎಲೆ ಸುಕ್ಕು, ಆದರೆ ಮಣ್ಣು ಒದ್ದೆ: ಎಲ್ಲರೂ ಮೋಸ ಹೋಗೋದು ಇಲ್ಲೇ. ಬೇರು ಸತ್ತಿರೋದರಿಂದ ನೀರಿದ್ದರೂ ಗಿಡಕ್ಕೆ ಕುಡಿಯೋಕಾಗ್ತಿಲ್ಲ. ಬಾಯಾರಿಕೆ ಅಂತ ಇನ್ನಷ್ಟು ಹಾಕಿದರೆ ಮುಗೀತು.
- ಕಾಂಡ ಉದ್ದಕ್ಕೆ ಸಣಕಲಾಗಿ ಬೆಳೆದು ಎಲೆ ದೂರ ದೂರ: ಬೆಳಕು ಸಾಲ್ತಿಲ್ಲ.
- ಗಿಣ್ಣಿನಲ್ಲಿ ಬಿಳಿ ಹತ್ತಿಯಂಥದ್ದು: ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಜಾಸ್ತಿ ಇದ್ದರೆ 1 ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಬೇರು ಕೊಳೆತಿದ್ದರೆ ಹೀಗೆ ಮಾಡಿ

1. ಗಿಡವನ್ನು ಕುಂಡದಿಂದ ಹೊರಗೆ ತೆಗೆದು ಒದ್ದೆ ಮಣ್ಣು ಉದುರಿಸಿ.
2. ಬಿಳಿ, ಗಟ್ಟಿ ಬೇರು ಜೀವ ಇರೋದು. ಕಪ್ಪಗೆ ಲೊಳಲೊಳ ಅನ್ನೋದು ಸತ್ತಿದ್ದು. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡ್‌ನಿಂದ ಸತ್ತಿದ್ದನ್ನೆಲ್ಲ ಕತ್ತರಿಸಿ.
3. ಕಾಂಡದ ಒಳಗೂ ಕಂದು ಬಣ್ಣ ಇದ್ದರೆ, ಸ್ವಚ್ಛ ಹಸಿರು ಕಾಣೋವರೆಗೆ ಮೇಲಕ್ಕೆ ಕತ್ತರಿಸ್ತಾ ಹೋಗಿ. ಕನಿಕರ ಬೇಡ, ಸ್ವಲ್ಪ ಬಿಟ್ಟರೂ ಮತ್ತೆ ಹರಡುತ್ತೆ.
4. ನೆರಳಲ್ಲಿ, ಗಾಳಿ ಆಡೋ ಕಡೆ 3ರಿಂದ 5 ದಿನ ಹಾಗೇ ಇಡಿ. ಕತ್ತರಿಸಿದ ಜಾಗ ಒಣಗಿ ಗಟ್ಟಿಯಾಗಬೇಕು. ಅರಿಶಿನ ಹಚ್ಚೋರು ಹಚ್ತಾರೆ, ಆದರೆ ಒಣಗಿಸೋದೇ ಮುಖ್ಯ.
5. ತಳದಲ್ಲಿ ತೂತಿರೋ ಕುಂಡಕ್ಕೆ ಹೊಸ ಮಣ್ಣು ತುಂಬಿ ನೆಡಿ. ಹಳೇ ಮಣ್ಣು ಬೇಡ.
6. ನೆಟ್ಟ ದಿನ ನೀರು ಹಾಕಬೇಡಿ. ಒಂದು ವಾರ ಬಿಟ್ಟು ಸ್ವಲ್ಪ ಹಾಕಿ. ಚೇತರಿಸಿಕೊಳ್ಳೋವರೆಗೆ ಗೊಬ್ಬರವೂ ಬೇಡ.

ಬೇರು ಪೂರ್ತಿ ಹೋಗಿದ್ದರೂ ನಿರಾಸೆ ಬೇಡ. ತುದಿಯಲ್ಲಿ ಮೂರು ನಾಲ್ಕು ಇಂಚು ಚೆನ್ನಾಗಿರೋ ಕಡ್ಡಿ ಇದ್ದರೆ ಕತ್ತರಿಸಿ, ಇದೇ ಥರ ಒಣಗಿಸಿ ನೆಡಿ. ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಬೇರು ಬರುತ್ತೆ. ಮೆಲ್ಲಗೆ ಎಳೆದಾಗ ಹಿಡಿದುಕೊಂಡರೆ ಬೇರು ಬಂದಿದೆ ಅಂತ ಅರ್ಥ.

ಮಣ್ಣು, ಕುಂಡ

ಬರೀ ಎರೆ ಮಣ್ಣು ಬೇಡ, ಅದು ನೀರು ಬಿಡಲ್ಲ. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಇಟ್ಟಿಗೆ ಚೂರು ಮತ್ತು ಎರೆಹುಳು ಗೊಬ್ಬರ ಸೇರಿಸಿ ಒಂದು ಪಾಲು. ಇಟ್ಟಿಗೆ ಚೂರು ಕಡಲೆಕಾಳಿನಷ್ಟಿದ್ದರೆ ಸಾಕು. ಮನೆ ಕಟ್ಟೋ ಜಾಗದಲ್ಲಿ ಕೇಳಿದರೆ ಪುಕ್ಕಟೆ ಸಿಗುತ್ತೆ.

ಮಣ್ಣಿನ ಕುಂಡ ಒಳ್ಳೇದು, ಬೇಗ ಒಣಗುತ್ತೆ. ಗಿಫ್ಟ್ ಬಂದಿರೋ ಪಿಂಗಾಣಿ ಕುಂಡದಲ್ಲಿ ತೂತಿಲ್ಲದಿದ್ದರೆ ಅದರಲ್ಲಿ ನೇರ ನೆಡಬೇಡಿ. ತೂತಿರೋ ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಅದರೊಳಗಿಡಿ. ನೀರು ಹಾಕುವಾಗ ಹೊರಗೆ ತೆಗೆದು, ಸೋರಿದ ಮೇಲೆ ವಾಪಸ್ ಇಟ್ಟರಾಯ್ತು.

ಅಂಗಡಿಯವರು ಮಾಡೋ ಮೂರು ತಪ್ಪು

ಒಂದು, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಉಳಿದಿದ್ದನ್ನ, ಪೂಜೆಯ ನೀರನ್ನ ದಿನಾ ಕುಂಡಕ್ಕೆ ಸುರಿಯೋದು. ಭಕ್ತಿಯಿಂದ ಹಾಕಿದರೂ ಬೇರು ಕೊಳೆಯುತ್ತೆ. ಆ ನೀರು ತುಳಸಿಗೆ ಹೋಗಲಿ.

ಎರಡು, ಟ್ಯೂಬ್‌ಲೈಟ್ ಬೆಳಕು ಸಾಕು ಅಂದ್ಕೊಳ್ಳೋದು. ರಾತ್ರಿ ಶಟರ್ ಎಳೆದ ಮೇಲೆ ಕತ್ತಲು, ಹಗಲೂ ಬಿಸಿಲಿಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆ ಬೆಳಗಿನ ಬಿಸಿಲು ಬಿದ್ದರೆ ಒಳ್ಳೇದು. ಎರಡು ಗಿಡ ಇಟ್ಕೊಂಡು ವಾರ ವಾರ ಬದಲಿಸಿ: ಒಂದು ಗಲ್ಲಾ ಮೇಲೆ, ಒಂದು ಹೊರಗೆ. ಆದರೆ ಒಳಗಿದ್ದ ಗಿಡವನ್ನ ಏಕಾಏಕಿ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತೆ, ಆ ಕಲೆ ಹೋಗಲ್ಲ.

ಮೂರು, ವಾರದ ಲೆಕ್ಕದಲ್ಲಿ ನೀರು ಹಾಕೋದು. ಬೇಸಿಗೆಯಲ್ಲಿ 7ರಿಂದ 10 ದಿನಕ್ಕೊಮ್ಮೆ ಬೇಕಾಗಬಹುದು, ಮಳೆಗಾಲದಲ್ಲಿ ಎರಡು ಮೂರು ವಾರ ಬೇಡವೇ ಬೇಡ. ಸುಲಭ ಉಪಾಯ ನಿಮ್ಮ ಗಲ್ಲಾ ಹತ್ತಿರವೇ ಇದೆ. ಉರಿದು ಉಳಿದ ಊದುಬತ್ತಿ ಕಡ್ಡಿಯನ್ನ ಮಣ್ಣಿನ ಆಳಕ್ಕೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ, ಕಡ್ಡಿ ಒಣಗಿ ಸ್ವಚ್ಛವಾಗಿ ಬಂದರೆ ಹಾಕಿ.

ನಾಯಿ, ಬೆಕ್ಕು ಇದ್ದರೆ ಎಚ್ಚರ

ದೊಡ್ಡ ಎಲೆಯ ನಿಜವಾದ ಜೇಡ್ ನಾಯಿ ಬೆಕ್ಕುಗಳಿಗೆ ವಿಷ. ತಿಂದರೆ ವಾಂತಿ, ಸುಸ್ತು ಬರಬಹುದು. ಎಟುಕದ ಕಡೆ ಇಡಿ.

ಅಕ್ಕನ ಗಿಡದ ಕಥೆ ಏನಾಯ್ತು ಅಂದ್ರೆ, ಬುಡ ಪೂರ್ತಿ ಹೋಗಿತ್ತು. ತುದಿಯಿಂದ ನಾಲ್ಕು ಕಡ್ಡಿ ಕತ್ತರಿಸಿ ನೆಟ್ಟೆವು. ಎರಡು ಕೊಳೆತವು, ಎರಡು ಹಿಡ್ಕೊಂಡವು. ಹೊಲಿಗೆ ಕೆಲಸ ಹಬ್ಬದ ಸೀಸನ್‌ಗೆ ತಾನಾಗೇ ಬಂತು, ಆಗಿನ್ನೂ ಕಡ್ಡಿಯಲ್ಲಿ ಹೊಸ ಚಿಗುರು ಬಂದಿರಲಿಲ್ಲ. ವ್ಯಾಪಾರ ಗಿಡ ನೋಡ್ಕೊಂಡು ಬರಲ್ಲ, ಹೋಗಲ್ಲ. ನಿಮ್ಮ ಗಿಡ ಬಾಡಿದ್ದರೆ ಜ್ಯೋತಿಷ್ಯ ಕೇಳೋ ಮುಂಚೆ ಕುಂಡದ ತಳ ತಿರುಗಿಸಿ ನೋಡಿ.